ಕ್ಯಾಟ್‌ನ ಇಂಗ್ಲಿಷ್ ಪ್ಯಾಸೇಜುಗಳೊಂದಿಗೆ ಒಂದು ವರ್ಷ

ಐಐಎಂಗಳಲ್ಲಿ, ಅಂದರೆ ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ, ಎಂ.ಬಿ.ಎ. ಸೇರಲು ಬರೆಯುವ ಪರೀಕ್ಷೆ ಕ್ಯಾಟ್. ಡಿಸೆಂಬರ್ 19ರಂದು ಕ್ಯಾಟ್ 2024ರ ಫಲಿತಾಂಶ ಬಂದಾಗಿನಿಂದ ಕಾಲೇಜಿನ ಕಿರಿಯರ ಫೋನ್ ನಿಂತಿಲ್ಲ. ಗಣಿತ ಹೇಗೆ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಎಲ್ಲರದೂ ಒಂದೇ ಮಾತು: "ಅಕ್ಕ, ಆ ಇಂಗ್ಲಿಷ್ ಪ್ಯಾಸೇಜುಗಳನ್ನು ಹೇಗೆ ಓದಿದಿರಿ?" ಪ್ಯಾಸೇಜು ಎಂದರೆ ಓದಿ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಗದ್ಯಭಾಗ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳಿ ಮುಗಿಸುವುದಕ್ಕಿಂತ ಪೂರ್ತಿಯಾಗಿ ಬರೆದಿಡುವುದೇ ವಾಸಿ ಅನ್ನಿಸಿತು.

ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಡ್ಯದಲ್ಲೇ ಬಿ.ಕಾಂ. ನಮ್ಮ ಮನೆಯೊಳಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಗೊಬ್ಬರದ ಚೀಲದ ಮೇಲೆ ಅಚ್ಚಾದಷ್ಟೇ. ಎಂ.ಬಿ.ಎ. ಮಾಡಬೇಕು, ಅದಕ್ಕೆ ಕ್ಯಾಟ್ ಬರೆಯಬೇಕು ಎಂದಾಗ ಒಬ್ಬ ಮೇಷ್ಟ್ರು, "ನಿನಗೆ ಲೆಕ್ಕ ಬರುತ್ತದೆ, ಇಂಗ್ಲಿಷ್‌ನಲ್ಲಿ ಕುಸಿಯುತ್ತೀಯ" ಎಂದು ಭವಿಷ್ಯ ನುಡಿದಿದ್ದರು. ಅವರ ಮಾತು ತಿರುಗಾಮುರುಗಾ ಆಯಿತು. ಲೆಕ್ಕದ ವಿಭಾಗದಲ್ಲಿ ಸಾಧಾರಣ, ಇಂಗ್ಲಿಷ್‌ನಲ್ಲಿ 91 ಪರ್ಸೆಂಟೈಲ್ (ಅಂಕವಲ್ಲ, ಸ್ಥಾನದ ಲೆಕ್ಕ).

ಮೊದಲು ಪರೀಕ್ಷೆಯ ಸ್ವರೂಪ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಭಯ ಅದು ಗೊತ್ತಿಲ್ಲದೆಯೇ ಹುಟ್ಟುತ್ತದೆ. ಈ ಸಲ ಒಟ್ಟು 68 ಪ್ರಶ್ನೆ, ಎರಡು ಗಂಟೆ. ಮೂರು ವಿಭಾಗ, ಒಂದೊಂದಕ್ಕೂ 40 ನಿಮಿಷ. ಇಂಗ್ಲಿಷ್ ವಿಭಾಗವೇ ಮೊದಲು ಬರುತ್ತದೆ. ಅದನ್ನು ಬಿಟ್ಟು ಮುಂದಿನದಕ್ಕೆ ಹಾರುವಂತಿಲ್ಲ, ಮುಂದೆ ಹೋದ ಮೇಲೆ ಹಿಂದಕ್ಕೂ ಬರುವಂತಿಲ್ಲ. ಇಂಗ್ಲಿಷ್‌ನ 24 ಪ್ರಶ್ನೆಗಳಲ್ಲಿ 16 ಪ್ರಶ್ನೆ ಪ್ಯಾಸೇಜುಗಳ ಮೇಲೆ: ನಾಲ್ಕು ಪ್ಯಾಸೇಜು, ಒಂದೊಂದಕ್ಕೆ ನಾಲ್ಕು ಪ್ರಶ್ನೆ. ಉಳಿದ ಎಂಟು ವಾಕ್ಯ ಜೋಡಣೆ, ಪ್ಯಾರಾದ ಸಾರಾಂಶ ಮುಂತಾದವು. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆ ಕೊಟ್ಟ ಪ್ರಶ್ನೆಗಳಲ್ಲಿ ತಪ್ಪಿದರೆ ಒಂದು ಅಂಕ ಕಡಿತ. ಉತ್ತರವನ್ನು ನಾವೇ ತುಂಬಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ. ವ್ಯಾಕರಣದ ಪ್ರಶ್ನೆಗಳು ಇಲ್ಲ. ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ಪಟ್ಟಿಯನ್ನು ಯಾರೂ ಕೇಳುವುದಿಲ್ಲ.

ಈ ಕೊನೆಯ ಮಾತನ್ನು ಶುರುವಿನಲ್ಲೇ ಯಾರಾದರೂ ಹೇಳಬೇಕಿತ್ತು. ಫೆಬ್ರವರಿಯಲ್ಲಿ ಸೇರಿದ ಆನ್‌ಲೈನ್ ತರಗತಿಯವರು ಮೊದಲ ದಿನವೇ ಪದಗಳ ದೊಡ್ಡ ಪಟ್ಟಿಯನ್ನು ಕಳಿಸಿ, ದಿನಕ್ಕೆ ಇಷ್ಟು ಬಾಯಿಪಾಠ ಮಾಡಿ ಎಂದರು. ಮಾರ್ಚ್ ಮುಗಿಯುವವರೆಗೂ ಅದೇ ಕೆಲಸ. ಆಮೇಲೆ 2017ರ ನಂತರದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿದರೆ ಕಲಿತ ಪದಗಳು ಅಲ್ಲಲ್ಲಿ ಇಣುಕುತ್ತಿದ್ದವು, ಉತ್ತರ ಮಾತ್ರ ಹೊಳೆಯುತ್ತಿರಲಿಲ್ಲ. ಪ್ಯಾಸೇಜಿನ ಪದಗಳೆಲ್ಲ ಗೊತ್ತಿದ್ದರೂ ನಾಲ್ಕು ಆಯ್ಕೆಗಳಲ್ಲಿ ಎರಡು ಒಂದೇ ಥರ ಕಾಣುತ್ತಿದ್ದವು. ತೊಡಕು ಇದ್ದದ್ದು ಅಲ್ಲಿ. ಪಟ್ಟಿಯನ್ನು ಅಲ್ಲಿಗೇ ಬಿಟ್ಟೆ.

ಮನೆಯಲ್ಲಿ ಓದಲು ಜಾಗವಿತ್ತು, ಬಿಡುವಿರಲಿಲ್ಲ. ಹಾಗಾಗಿ ಏಪ್ರಿಲ್‌ನಿಂದ ಮೈಸೂರಿನ ಸರಸ್ವತಿಪುರಂ ಕಡೆಯ ಒಂದು ಖಾಸಗಿ ಓದುಕೋಣೆಗೆ ಸೇರಿದೆ. ತಿಂಗಳಿಗೆ ಸಾವಿರ ರೂಪಾಯಿಯ ಒಳಗೆ. ಮೇಜು, ಫ್ಯಾನು, ವೈಫೈ, ಮಾತನಾಡಿದರೆ ಗದರುವ ಒಬ್ಬ ಯಜಮಾನರು. ಅಲ್ಲಿ ಓದುವವರಲ್ಲಿ ಹೆಚ್ಚಿನವರು ಕೆ.ಎ.ಎಸ್., ಪಿ.ಎಸ್.ಐ. ಅಭ್ಯರ್ಥಿಗಳು. ಕ್ಯಾಟ್‌ಗೆ ಓದುತ್ತಿದ್ದವರು ನಾನು ಮತ್ತು ಮದ್ದೂರಿನ ಒಬ್ಬ ಗೆಳತಿ.

ಓಡಾಟದ ವಿಚಾರ. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ, ಆಧಾರ್ ತೋರಿಸಿದರೆ ಸಾಕು. ಆದರೂ ನಾನು ರೈಲಿನ ಮಾಸಿಕ ಪಾಸ್ ಮಾಡಿಸಿಕೊಂಡೆ. ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಓದಿದರೆ ತಲೆ ಸುತ್ತುತ್ತದೆ. ರೈಲಿನಲ್ಲಿ ಮಂಡ್ಯ ಬಿಟ್ಟರೆ ಪಾಂಡವಪುರ ಬರುವುದರೊಳಗೆ ಒಂದು ಲೇಖನ, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರುವುದರೊಳಗೆ ಇನ್ನೊಂದು. ನಿಂತು ಹೋಗಬೇಕಾದ ದಿನ ಇದೆಲ್ಲ ಸುಳ್ಳು, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಓದಿದ ಬಗೆ. ತರಗತಿಯವರು ಪದೇ ಪದೇ ಹೇಳುತ್ತಿದ್ದದ್ದು: ಇಂಗ್ಲಿಷ್‌ನಲ್ಲೇ ಯೋಚಿಸಿ, ಕನ್ನಡವನ್ನು ತಲೆಯಿಂದ ತೆಗೆದುಬಿಡಿ. ನಾನು ಪ್ರಯತ್ನಪಟ್ಟೆ. ಆಗ ಆಗುತ್ತಿದ್ದದ್ದು ಏನೆಂದರೆ, ಕಣ್ಣು ಸಾಲುಗಳ ಮೇಲೆ ಓಡುತ್ತಿತ್ತು, ಕೊನೆಯ ಸಾಲಿಗೆ ಬಂದಾಗ ಮೊದಲ ಪ್ಯಾರಾದಲ್ಲಿ ಏನಿತ್ತು ಎಂಬುದೇ ಇರುತ್ತಿರಲಿಲ್ಲ. ಒಂದು ದಿನ ಬೇಸತ್ತು, ಪ್ರತಿ ಪ್ಯಾರಾ ಮುಗಿದ ಕೂಡಲೇ ಪಕ್ಕದ ಹಾಳೆಯಲ್ಲಿ ಕನ್ನಡದಲ್ಲಿ ಒಂದೇ ಸಾಲು ಬರೆಯಲು ಶುರುಮಾಡಿದೆ. ಪ್ಯಾರಾದಲ್ಲಿ ಏನಿದೆ ಎಂದಲ್ಲ, ಲೇಖಕರು ಈ ಪ್ಯಾರಾವನ್ನು ಯಾಕೆ ಬರೆದರು ಎಂದು. "ಹಳೆಯ ಅಭಿಪ್ರಾಯ ಹೇಳುತ್ತಿದ್ದಾರೆ." "ಅದನ್ನು ಒಪ್ಪುತ್ತಿಲ್ಲ, ಒಂದು ಉದಾಹರಣೆ." "ಎದುರಾಳಿಗೆ ಸ್ವಲ್ಪ ಬಿಟ್ಟುಕೊಟ್ಟರು." "ತಮ್ಮ ಮಾತು, ಆದರೆ ಅಳುಕಿನಿಂದ." ಇಂಥ ನಾಲ್ಕೈದು ಸಾಲು ಕೈಯಲ್ಲಿದ್ದರೆ ಪ್ಯಾಸೇಜಿನ ಬೆನ್ನುಮೂಳೆ ಸಿಕ್ಕಂತೆ. ನಾಲ್ಕರಲ್ಲಿ ಎರಡು ಪ್ರಶ್ನೆ ಅಲ್ಲಿಗೇ ಅರ್ಧ ಬಗೆಹರಿಯುತ್ತವೆ.

ಕನ್ನಡ ಮಾಧ್ಯಮದವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ವಾದವನ್ನು ಹಿಂಬಾಲಿಸುವ ಅಭ್ಯಾಸ ನಮಗೆ ಕನ್ನಡದಲ್ಲಿ ಆಗಲೇ ಇರುತ್ತದೆ, ಅದನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಹೋಗುವುದರಲ್ಲಿ ಅರ್ಥವಿಲ್ಲ. ನಾನು ಒಂದೆರಡು ವಾರ ಇಂಗ್ಲಿಷ್ ಪ್ಯಾಸೇಜುಗಳನ್ನೇ ಬಿಟ್ಟು, ಕನ್ನಡ ಪತ್ರಿಕೆಯ ಸಂಪಾದಕೀಯಗಳ ಮೇಲೆ ಈ ಕೆಲಸ ಮಾಡಿದೆ. ಕೈ ಪಳಗಿತು. ಆಮೇಲೆ ದಿ ಹಿಂದೂವಿನ ಸಂಪಾದಕೀಯ ಪುಟ, ಅದಾದ ಮೇಲೆ ಏಯಾನ್, ಗಾರ್ಡಿಯನ್ ಜಾಲತಾಣಗಳ ಉದ್ದನೆಯ ಲೇಖನಗಳು. ಕ್ಯಾಟ್‌ನ ಪ್ಯಾಸೇಜುಗಳು ಇಂಥ ಬರಹಗಳಿಂದಲೇ ಕತ್ತರಿಸಿ ತೆಗೆದವು. ಉದ್ದ ಹೆಚ್ಚುಕಡಿಮೆ ಐನೂರು ಪದ, ವಿಷಯ ಮಾತ್ರ ಏನು ಬೇಕಾದರೂ ಇರಬಹುದು: ಆಕ್ಟೋಪಸ್‌ನ ಬುದ್ಧಿ, ವಸಾಹತು ಕಾಲದ ನಕ್ಷೆಗಳು, ಬಟ್ಟೆ ಉದ್ಯಮ, ತತ್ವಶಾಸ್ತ್ರ.

ಅಪ್ಪ ಒಂದು ದಿನ ನಾನು ಹರಡಿಕೊಂಡಿದ್ದ ಪತ್ರಿಕೆಯನ್ನು ನೋಡಿ, "ಏನವ್ವ, ಇಷ್ಟು ಹೊತ್ತು ಓದುತ್ತೀಯಲ್ಲ, ಅದರಲ್ಲಿ ಕಬ್ಬಿನ ರೇಟು ಏನಾದರೂ ಬರೆದಿದ್ದಾರಾ?" ಎಂದು ಕೇಳಿದರು. ಇರಲಿಲ್ಲ. ಆದರೆ ಕಬ್ಬು ನಮ್ಮ ಓದಿಗೆ ಬೇರೆ ದಾರಿಯಿಂದ ಬಂತು.

ಒಂದು ಅಭ್ಯಾಸ ಪತ್ರಿಕೆಯಲ್ಲಿ ನೀರಾವರಿ ಮತ್ತು ಕಬ್ಬಿನ ಬೇಸಾಯದ ಬಗ್ಗೆಯೇ ಪ್ಯಾಸೇಜು ಇತ್ತು. ಗೆಳತಿಗೆ ಖುಷಿಯೋ ಖುಷಿ. ಅವರ ಮನೆಯದೂ ನಾಲೆ ಬಯಲಿನ ಕಬ್ಬಿನ ಗದ್ದೆ. ನಾಲ್ಕು ಪ್ರಶ್ನೆಗಳಿಗೂ ಎರಡೇ ನಿಮಿಷದಲ್ಲಿ ಉತ್ತರ ಹಾಕಿದಳು. ಒಂದೂ ಸರಿಯಿರಲಿಲ್ಲ. ಅವಳು ಆರಿಸಿದ ಒಂದೊಂದು ವಾಕ್ಯವೂ ಮಂಡ್ಯದ ಯಾವ ರೈತರನ್ನು ಕೇಳಿದರೂ ಹೌದು ಎನ್ನುವಂಥದ್ದು: ಕಾರ್ಖಾನೆಗಳು ಹಣ ತಡಮಾಡುತ್ತವೆ, ಕಬ್ಬು ಬಿಟ್ಟರೆ ಬೇರೆ ಬೆಳೆಗೆ ಭರವಸೆಯಿಲ್ಲ. ಆದರೆ ಲೇಖಕರು ಅದನ್ನು ಹೇಳಿರಲಿಲ್ಲ. ಅವರ ವಾದ ನೀರಿನ ಬೆಲೆಯ ಬಗ್ಗೆ ಇತ್ತು, ಅಷ್ಟೇ. ಗೆಳತಿ ಸಿಟ್ಟಿನಿಂದ, "ಹಾಗಾದರೆ ಅವರಿಗೇ ಏನೂ ಗೊತ್ತಿಲ್ಲ" ಎಂದಳು. ಇರಬಹುದು. ಆದರೆ ಅಂಕ ಕೊಡುವುದು ಅವರ ಮಾತಿಗೆ, ನಮ್ಮ ಗದ್ದೆಯ ಅನುಭವಕ್ಕಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕರಾರು ಆಯಿತು. ಗೊತ್ತಿರುವ ವಿಷಯದ ಪ್ಯಾಸೇಜು ಬಂದರೆ ಇನ್ನಷ್ಟು ನಿಧಾನವಾಗಿ ಓದುವುದು.

ತಪ್ಪು ಆಯ್ಕೆಗಳನ್ನು ಹೇಗೆ ಹೆಣೆಯುತ್ತಾರೆ ಎಂದು ಕಲಿಯಲು ನಾವೇ ಪ್ರಶ್ನೆ ತಯಾರಿಸಿದೆವು. ಮೈಸೂರಿನ ದೇವರಾಜ ಮಾರುಕಟ್ಟೆಯ ವಿವಾದವನ್ನು ತೆಗೆದುಕೊಂಡೆವು. 2016ರಲ್ಲಿ ಅದರ ಒಂದು ಭಾಗ ಕುಸಿದ ಮೇಲೆ ಕೆಡವಿ ಕಟ್ಟಬೇಕೆನ್ನುವವರು ಒಂದು ಕಡೆ, ಪಾರಂಪರಿಕ ಕಟ್ಟಡ ಉಳಿಯಬೇಕೆನ್ನುವವರು ಇನ್ನೊಂದು ಕಡೆ. ಒಬ್ಬ ಲೇಖಕಿ ಎರಡೂ ಕಡೆಯವರ ಮಾತನ್ನು ಹೇಳಿ, ಕೊನೆಗೆ "ಆದರೆ ವ್ಯಾಪಾರಿಗಳನ್ನು ಯಾರೂ ಕೇಳಲಿಲ್ಲ" ಎಂದು ಮುಗಿಸಿದರು ಎಂದು ಇಟ್ಟುಕೊಳ್ಳಿ. ಲೇಖಕಿಯ ಮುಖ್ಯ ಮಾತು ಯಾವುದು ಎಂಬ ಪ್ರಶ್ನೆಗೆ ತಪ್ಪು ಉತ್ತರ ಬರೆಯುವುದು ಸರಿಯುತ್ತರ ಬರೆಯುವುದಕ್ಕಿಂತ ಮೋಜಿನ ಕೆಲಸ. "ಮಾರುಕಟ್ಟೆಯನ್ನು ಉಳಿಸಲೇಬೇಕು": ಇದು ಲೇಖಕಿ ಉಲ್ಲೇಖಿಸಿದ ಒಂದು ಪಕ್ಷದ ಮಾತು, ಅವರದಲ್ಲ. "ಪಾರಂಪರಿಕ ಕಟ್ಟಡಗಳ ವಿಚಾರದಲ್ಲಿ ಅಧಿಕಾರಿಗಳು ಎಂದೂ ಜನರ ಮಾತು ಕೇಳುವುದಿಲ್ಲ": ಒಂದು ಮಾರುಕಟ್ಟೆಯ ಮಾತನ್ನು ಎಲ್ಲದಕ್ಕೂ ಎಳೆದದ್ದು. "ವ್ಯಾಪಾರಿಗಳು ಹೊಸ ಕಟ್ಟಡವನ್ನು ವಿರೋಧಿಸುತ್ತಾರೆ": ಅವರನ್ನು ಕೇಳಲಿಲ್ಲ ಎಂದರೆ ಅವರ ಉತ್ತರ ನಮಗೆ ಗೊತ್ತಿಲ್ಲ ಎಂದೇ ಅಲ್ಲವೇ. ಮೊದಲರ್ಧ ಸರಿ, ಕೊನೆಯ ಎರಡು ಪದದಲ್ಲಿ ವಿಷ ಬೆರೆಸಿದ ಆಯ್ಕೆಯೂ ಒಂದು ಇರುತ್ತದೆ. ಅವಸರದಲ್ಲಿ ಓದುವವರು ಬೀಳುವುದು ಅಲ್ಲೇ. ಇದನ್ನು ನಾಲ್ಕಾರು ಸಲ ಮಾಡಿದರೆ ಪ್ರಶ್ನೆ ತೆಗೆಯುವವರ ಬುದ್ಧಿ ಎತ್ತ ಹರಿಯುತ್ತದೆ ಎಂಬುದು ತಿಳಿಯುತ್ತದೆ.

ದಿನಕ್ಕೆ ಎಷ್ಟು ಪ್ಯಾಸೇಜು ಮಾಡಬೇಕು ಎಂದು ಕೇಳುವವರಿಗೆ: ನಾನು ಎರಡಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಅವುಗಳ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದೆ. ಸರಿಯಾದ ಉತ್ತರ ಯಾಕೆ ಸರಿ ಎನ್ನುವುದಕ್ಕಿಂತ ಉಳಿದ ಮೂರು ಯಾಕೆ ಅಲ್ಲ ಎಂದು ನೋಟ್‌ಪುಸ್ತಕದಲ್ಲಿ ಒಂದೊಂದು ಸಾಲು. ಸರಿಯಾದ ಪ್ರಶ್ನೆಗಳಿಗೂ ಅದೇ ಶಿಕ್ಷೆ, ಯಾಕೆಂದರೆ ಅದೃಷ್ಟದಿಂದ ಸಿಕ್ಕ ಅಂಕ ಮುಂದಿನ ಸಲ ಕೈಕೊಡುತ್ತದೆ.

ಆಗಸ್ಟ್ 1ಕ್ಕೆ ಅರ್ಜಿ ಶುರುವಾಯಿತು. ಓದಿಗಿಂತ ಹೆಚ್ಚು ನಿದ್ದೆ ಕೆಡಿಸಿದ್ದು ಇದು. 2024ರಲ್ಲಿ ಶುಲ್ಕ 2500 ರೂಪಾಯಿ ಇತ್ತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಂಗವಿಕಲ ಅಭ್ಯರ್ಥಿಗಳಿಗೆ 1250 ಇತ್ತು. ಇತರೆ ಹಿಂದುಳಿದ ವರ್ಗದವರಿಗೂ ಆರ್ಥಿಕವಾಗಿ ದುರ್ಬಲರಾದವರಿಗೂ ರಿಯಾಯಿತಿ ಇಲ್ಲ, ಪೂರ್ತಿ ಕಟ್ಟಬೇಕು.

ಜಾತಿ ಪ್ರಮಾಣಪತ್ರದ ಗೊಂದಲವನ್ನು ಬಿಡಿಸಿ ಹೇಳುತ್ತೇನೆ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನನ್ನದು 3ಎ ಪ್ರವರ್ಗ. ಪಿ.ಯು. ಮುಗಿಸಿದಾಗಿನಿಂದ ಎಲ್ಲ ಅರ್ಜಿಗಳಲ್ಲೂ ಅದನ್ನೇ ತುಂಬಿ ಅಭ್ಯಾಸ. ಐಐಎಂಗಳು ನೋಡುವುದು ಕೇಂದ್ರ ಸರ್ಕಾರದ ಪಟ್ಟಿಯನ್ನು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಅದರಲ್ಲಿಲ್ಲ. ನಮ್ಮದು ಇರಲಿಲ್ಲ. ಹಾಗಾದರೆ ಸಾಮಾನ್ಯ ವರ್ಗವೇ ಎಂದುಕೊಳ್ಳುವಷ್ಟರಲ್ಲಿ ಓದುಕೋಣೆಯ ಒಬ್ಬ ಕೆ.ಎ.ಎಸ್. ಅಭ್ಯರ್ಥಿ ಅಣ್ಣ ದಾರಿ ಹೇಳಿದರು. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇಲ್ಲದವರು, ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯಿದ್ದು ಜಮೀನು ಐದು ಎಕರೆಗಿಂತ ಕಡಿಮೆ ಇದ್ದರೆ, ಆರ್ಥಿಕವಾಗಿ ದುರ್ಬಲ ವರ್ಗದ ಶೇ 10 ಮೀಸಲಾತಿಗೆ ಅರ್ಹರು. ಮನೆ, ನಿವೇಶನಕ್ಕೂ ಮಿತಿಗಳಿವೆ, ನೋಡಿಕೊಳ್ಳಿ. ಇದಕ್ಕೆ ಬೇಕಾದದ್ದು ಬರೀ ಆದಾಯ ಪ್ರಮಾಣಪತ್ರವಲ್ಲ, ಕೇಂದ್ರದ ನಮೂನೆಯ "ಆದಾಯ ಮತ್ತು ಆಸ್ತಿ ಪ್ರಮಾಣಪತ್ರ". ಅದೂ ಆಯಾ ಹಣಕಾಸು ವರ್ಷದ್ದೇ ಆಗಿರಬೇಕು.

ಪಹಣಿ, ಪಡಿತರ ಚೀಟಿ, ಅಪ್ಪನ ಆಧಾರ್ ಎಲ್ಲ ಹಿಡಿದು ನಾಡಕಚೇರಿಗೆ ಹೋದರೆ ಮೊದಲು ಕೊಟ್ಟದ್ದು ರಾಜ್ಯದ ಜಾತಿ-ಆದಾಯ ಪತ್ರ. ಅದಲ್ಲ ಎಂದು ವಿವರಿಸಲು ಮತ್ತೆ ಹೋಗಬೇಕಾಯಿತು. ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆ ಮಾಡಬೇಕು, ಆಮೇಲೆ ಕಂದಾಯ ನಿರೀಕ್ಷಕರ ವರದಿ, ಆಮೇಲೆ ತಹಶೀಲ್ದಾರರು. ಕಡತ ಎಲ್ಲಿದೆ ಎಂದು ಕೇಳಿದಾಗಲೆಲ್ಲ ಅದು ಇನ್ನೊಬ್ಬರ ಮೇಜಿನ ಮೇಲಿರುತ್ತಿತ್ತು. ನೀವು ಅರ್ಜಿ ಶುರುವಾಗುವುದನ್ನು ಕಾಯಬೇಡಿ. ಏಪ್ರಿಲ್‌ನಲ್ಲಿ ಹೊಸ ಹಣಕಾಸು ವರ್ಷ ಹುಟ್ಟಿದ ಕೂಡಲೇ ಈ ಪತ್ರಕ್ಕೆ ಹಾಕಿಬಿಡಿ. ನಮೂನೆಯ ಮುದ್ರಿತ ಪ್ರತಿಯನ್ನು ಜೊತೆಯಲ್ಲಿಯೇ ಒಯ್ಯಿರಿ.

ಎರಡನೆಯ ತೊಡಕು ಹೆಸರು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ. ನಮ್ಮ ಕಡೆ ಇದು ಮನೆಮನೆಯ ಕಥೆ. ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿ ಮತ್ತು ಪ್ರವೇಶಪತ್ರದ ಹೆಸರು ತಾಳೆಯಾಗದಿದ್ದರೆ ಎಂಬ ಅಂಜಿಕೆಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ಆಧಾರ್ ತಿದ್ದಿಸಿದೆ. ಆಗ ಐವತ್ತು ರೂಪಾಯಿ ಶುಲ್ಕವಿತ್ತು, ಜೊತೆಗೆ ಒಂದು ಇಡೀ ಬೆಳಗಿನ ಸರದಿ.

ಪರೀಕ್ಷಾ ನಗರಗಳಲ್ಲಿ ಮಂಡ್ಯ ಇಲ್ಲ, ಮೈಸೂರು ಇದೆ. ಮೊದಲ ಆಯ್ಕೆಯಾಗಿ ಅದನ್ನೇ ಕೊಟ್ಟೆ, ಅದೇ ಸಿಕ್ಕಿತು.

ಸೆಪ್ಟೆಂಬರ್‌ನಿಂದ ಅಣಕು ಪರೀಕ್ಷೆಗಳು. ಅದರ ಸರಣಿಗೆ ಎರಡು ಸಾವಿರದಷ್ಟು ಹೋಯಿತು. ಹಳ್ಳಿಯಲ್ಲಿ ಕೂತು ಬರೆದರೆ ಸರಿಯಾಗಿ ಎರಡನೇ ಪ್ಯಾಸೇಜಿನ ಮಧ್ಯೆ ಕರೆಂಟು ಹೋಗುವುದು ಒಂದು ಪದ್ಧತಿಯೇ ಆಯಿತು. ಹಾಗಾಗಿ ಅಣಕು ಪರೀಕ್ಷೆ ಎಂದರೆ ಮೈಸೂರು ಎಂದು ನಿಶ್ಚಯಿಸಿದೆ. ಅಕ್ಟೋಬರ್ 3ರಿಂದ 12ರವರೆಗೆ ದಸರಾ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ಓದುಕೋಣೆಗೂ ಕೊನೆಯ ದಿನಗಳಲ್ಲಿ ಬೀಗ. ಗೆಳತಿಯೊಂದಿಗೆ ಮಾನಸಗಂಗೋತ್ರಿಯ ಕಡೆ ಹೋಗಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಕಲ್ಲು ಬೆಂಚಿನಲ್ಲಿ ಕೂತು ಮೊಬೈಲ್‌ನಲ್ಲಿ ಪ್ಯಾಸೇಜು ಓದಿದ್ದೂ ಉಂಟು. ಮುಂದಿನ ವರ್ಷ ಬರೆಯುವವರು ಆ ಹತ್ತು ದಿನಗಳ ಯೋಜನೆಯನ್ನು ಮೊದಲೇ ಮಾಡಿಕೊಳ್ಳಿ.

ಅಣಕು ಪರೀಕ್ಷೆಗಳಲ್ಲಿ ಎದುರಾದ ಹೊಸ ಸಮಸ್ಯೆ ಸಮಯ. ಕನ್ನಡದ ಸಾಲುಗಳನ್ನು ಬರೆಯುತ್ತಾ ಕೂತರೆ 40 ನಿಮಿಷಕ್ಕೆ ಎರಡೇ ಪ್ಯಾಸೇಜು. ದಸರಾ ಕಳೆದ ಮೇಲೆ ಬರೆಯುವುದನ್ನು ನಿಲ್ಲಿಸಿ, ಪ್ಯಾರಾದ ಕೊನೆಯಲ್ಲಿ ಒಂದು ಕ್ಷಣ ನಿಂತು ಮನಸ್ಸಿನಲ್ಲೇ ಆ ಸಾಲನ್ನು ಹೇಳಿಕೊಂಡು ಮುಂದೆ ಹೋಗುವುದನ್ನು ರೂಢಿಸಿಕೊಂಡೆ. ಆರಂಭದಲ್ಲಿ ಕೈ ತುರಿಸುತ್ತಿತ್ತು. ಜೊತೆಗೆ ನಾಲ್ಕೂ ಪ್ಯಾಸೇಜು ಮುಗಿಸುವ ಹಟ ಬಿಟ್ಟೆ. ಮೊದಲ ಎರಡು ನಿಮಿಷದಲ್ಲಿ ನಾಲ್ಕರ ಮೊದಲ ಸಾಲುಗಳನ್ನು ನೋಡಿ, ಅತಿ ಅಮೂರ್ತವಾದುದನ್ನು ಕೊನೆಗೆ ತಳ್ಳುವುದು. ಉಳಿದ ಮೂರಕ್ಕೆ ಒಂಬತ್ತು ನಿಮಿಷದಂತೆ. ನನಗೆ ಕೊನೆಗುಳಿಯುತ್ತಿದ್ದದ್ದು ಯಾವಾಗಲೂ ತತ್ವಶಾಸ್ತ್ರ. ವೇಗವಾಗಿ ಓದುವ ತರಬೇತಿಗಳಿಗೆ ಹಣ ಕೊಡಬೇಡಿ. ನಮಗೆ ಸಮಯ ಸೋರುವುದು ಪ್ಯಾಸೇಜಿನಲ್ಲಲ್ಲ, ಎರಡು ಆಯ್ಕೆಗಳ ನಡುವೆ ತೂಗುಯ್ಯಾಲೆ ಆಡುವುದರಲ್ಲಿ. ಅಲ್ಲಿ ಪ್ಯಾಸೇಜಿನ ಸಂಬಂಧಪಟ್ಟ ಸಾಲಿಗೆ ಹಿಂದಿರುಗಿ ನೋಡಿ, ಆಗಲೂ ತೀರ್ಮಾನವಾಗದಿದ್ದರೆ ಬಿಟ್ಟು ನಡೆಯಿರಿ.

ನವೆಂಬರ್ 24, ಭಾನುವಾರ. ನನಗೆ ಸಿಕ್ಕದ್ದು ಮಧ್ಯಾಹ್ನ 12:30ರ ಪಾಳಿ. ಬೆಳಗ್ಗೆ 8:30 ಮತ್ತು ಸಂಜೆ 4:30ಕ್ಕೆ ಇನ್ನೆರಡು. ಮಧ್ಯಾಹ್ನದ ಪಾಳಿಯ ತಾಪತ್ರಯ ಊಟ. ಮೊದಲ ವಿಭಾಗವೇ ಓದಿನದಾದ್ದರಿಂದ ಹೊಟ್ಟೆ ಭಾರವಾದರೆ ಮೊದಲ ಪ್ಯಾಸೇಜಿನಲ್ಲೇ ಕಣ್ಣು ಎಳೆಯುತ್ತದೆ. ಅಮ್ಮ ಮುದ್ದೆ ಉಣ್ಣದೆ ಹೋಗಬೇಡ ಎಂದರು. ಎರಡು ಇಡ್ಲಿಗೆ ಒಪ್ಪಿಸಿದೆ. ಕೇಂದ್ರದಲ್ಲಿ ಪ್ರವೇಶಪತ್ರ, ಮೂಲ ಗುರುತಿನ ಚೀಟಿ, ತಪಾಸಣೆ, ಫೋಟೊ. ಓಲೆ, ಬಳೆ ಹೊರಗೇ ತೆಗೆಸಿದರು, ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ. ಒಳಗೆ ಗೀಚಲು ಹಾಳೆ, ಪೆನ್ನು ಅವರೇ ಕೊಡುತ್ತಾರೆ. ಕೀಬೋರ್ಡ್ ಮುಟ್ಟುವಂತಿಲ್ಲ, ಪರದೆಯ ಮೇಲಿನ ಕೀಲಿಗಳನ್ನು ಮೌಸ್‌ನಿಂದ ಒತ್ತಬೇಕು.

ಪರದೆ ತೆರೆದಾಗ ಎದೆ ಡವಗುಟ್ಟಿ, ಮೊದಲ ಪ್ಯಾರಾವನ್ನು ಓದಿದ್ದೇ ಓದಿದ್ದು, ಏನೂ ಒಳಗೆ ಇಳಿಯಲಿಲ್ಲ. ಆಗ ಕೊಟ್ಟ ಹಾಳೆಯ ಮೇಲೆ, ಏಪ್ರಿಲ್‌ನ ಅಭ್ಯಾಸದಂತೆ, ಕನ್ನಡದಲ್ಲಿ ಒಂದು ಸಾಲು ಬರೆದೆ. ಎರಡನೇ ಪ್ಯಾರಾಕ್ಕೆ ಇನ್ನೊಂದು. ಮೂರರಿಂದ ಬರೆಯುವ ಅಗತ್ಯ ಬೀಳಲಿಲ್ಲ. ಮೂರು ಪ್ಯಾಸೇಜು ಪೂರ್ತಿ ಮಾಡಿ, ನಾಲ್ಕನೆಯದರಲ್ಲಿ ಒಂದೇ ಪ್ರಶ್ನೆಗೆ ಉತ್ತರಿಸಿ, ಉಳಿದ ಸಮಯವನ್ನು ವಾಕ್ಯ ಜೋಡಣೆಗೆ ಕೊಟ್ಟೆ.

ಫಲಿತಾಂಶದ ದಿನ ಅಪ್ಪ ಊರೆಲ್ಲ "ನಮ್ಮ ಹುಡುಗಿಗೆ ಇಂಗ್ಲಿಷ್‌ನಲ್ಲಿ ನೂರಕ್ಕೆ ತೊಂಬತ್ತೊಂದು" ಎಂದು ಹೇಳಿಕೊಂಡು ಬಂದರು. ಪರ್ಸೆಂಟೈಲ್ ಎಂದರೆ ಅಂಕವಲ್ಲ, ಬರೆದವರಲ್ಲಿ ನೂರಕ್ಕೆ ತೊಂಬತ್ತೊಂದು ಜನ ನನಗಿಂತ ಹಿಂದಿದ್ದಾರೆ ಎಂದು ವಿವರಿಸಿದಾಗ ಅವರಿಗೆ ಅದು ಇನ್ನೂ ಹೆಚ್ಚು ಹಿಡಿಸಿತು. ಮೂರೂ ವಿಭಾಗ ಸೇರಿಸಿದರೆ ಅಷ್ಟೆತ್ತರವಿಲ್ಲ. ಐಐಎಂಗಳು ಪ್ರತಿ ವಿಭಾಗಕ್ಕೂ ಬೇರೆಬೇರೆ ಕನಿಷ್ಠ ಮಿತಿ ಇಡುವುದರಿಂದ ಹೊಸ ಐಐಎಂಗಳಲ್ಲಿ ಯಾವುದಾದರೂ ಕರೆದೀತೇ ಎಂದು ಕಾಯುತ್ತಿದ್ದೇನೆ.

ಜೊತೆಗೆ ರಾಜ್ಯದ ಕಾಲೇಜುಗಳಲ್ಲಿ ಸ್ನಾತಕೋತ್ತರ ಕೋರ್ಸು ಸೇರಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಗೂ ತಯಾರಿ ನಡೆಸಿದ್ದೇನೆ. ಗೆಳತಿಯೂ ಅದನ್ನೇ ಬರೆಯುತ್ತಾಳೆ. ಎಂ.ಬಿ.ಎ.ಗೆ ಅಲ್ಲಿ 100 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಇಂಗ್ಲಿಷ್ ಭಾಗ ಕ್ಯಾಟ್‌ನಷ್ಟು ಜಟಿಲವಲ್ಲ, ಆದರೆ ಅಲ್ಲಿ ವ್ಯಾಕರಣ, ಪದಗಳೂ ಬರುತ್ತವೆ. ಮಾರ್ಚ್‌ನಲ್ಲಿ ಮೂಲೆಗೆ ಹಾಕಿದ್ದ ಪಟ್ಟಿಯನ್ನು ಧೂಳು ಕೊಡವಿ ತೆಗೆದಿದ್ದೇನೆ. ಅಲ್ಲಿ ರಾಜ್ಯದ 3ಎ ಪತ್ರವೇ ನಡೆಯುತ್ತದೆ. ಕಡಿತವಿಲ್ಲದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.